ಒನಕೆಗೂ ಒಂದು ರಿಂಗ್ ಲೈಟ್

ನಮ್ಮಲ್ಲಿ ವಿಜ್ಞಾನ ಸೊರಗಿದೆ ಅನ್ನುವವರು ಗ್ರಹಣದ ದಿನ ಮೊಬೈಲ್ ತೆರೆದು ನೋಡಬೇಕು. ಮನೆಮನೆಯಲ್ಲೂ ಪ್ರಯೋಗಾಲಯ! ಗ್ರಹಣ ಹಿಡಿದಾಗ ಮಾತ್ರ ಒನಕೆ ಆಸರೆಯಿಲ್ಲದೆ ನಿಲ್ಲುತ್ತದಂತೆ, ಅದನ್ನು ತೋರಿಸುವುದಕ್ಕೆ. ಹಿತ್ತಾಳೆ ತಟ್ಟೆ, ಅದರಲ್ಲಿ ಅರಿಶಿನದ ನೀರು, ನಡುವೆ ಕುಂಕುಮ ಹಚ್ಚಿಸಿಕೊಂಡು ನೆಟ್ಟಗೆ ನಿಂತ ಒನಕೆ. "ಕೈ ಬಿಟ್ಟೆ ನೋಡಿ, ಬಿಟ್ಟೇಬಿಟ್ಟೆ!" ಅಂತ ಅತ್ತೆ. "ಸೆರಗು ಅಡ್ಡ ಬಂತು ಅತ್ತೆ, ಇನ್ನೊಂದ್ಸಲ ಬಿಡಿ" ಅಂತ ಸೊಸೆ. ಶಂಖದ ಸದ್ದು ಆಮೇಲೆ ಸೇರಿಸಿದ್ದು. ಒನಕೆ ಬಿದ್ದ ಟೇಕುಗಳು ಎಲ್ಲಿ ಹೋದವು ಅಂತ ಮಾತ್ರ ಕೇಳಬಾರದು.

2019ರ ಡಿಸೆಂಬರ್ 26ರ ಕಂಕಣ ಗ್ರಹಣ ನೆನಪಿದೆ ಅಲ್ವಾ? ಕೊಡಗು, ಮಂಗಳೂರಿನ ಕಡೆ ಸೂರ್ಯ ಬಳೆಯ ಹಾಗೆ ಕಾಣಿಸಿದ್ದ. ಅಂಥ ದಿನವೂ ಕಿಟಕಿ ಮುಚ್ಚಿ ಒಳಗೆ ಕೂತವರು ಎಷ್ಟೋ ಜನ. ಆಕಾಶ ನೋಡಿದರೆ ದೋಷ, ತಟ್ಟೆ ನೋಡಿದರೆ ಪುಣ್ಯ, ಜೊತೆಗೆ ವ್ಯೂಸ್.

ಕಾರಣ ಕೇಳಿದರೆ ಉತ್ತರ ರೆಡಿ: ಗ್ರಹಣದಲ್ಲಿ ಗುರುತ್ವಾಕರ್ಷಣೆ ಜಾಸ್ತಿಯಂತೆ. ಸರಿ, ಲೆಕ್ಕ ಹಾಕೋಣ. ಚಂದ್ರ ಸುಮಾರು 3,84,000 ಕಿಲೋಮೀಟರ್ ದೂರದಲ್ಲಿದ್ದಾನೆ. ಅಲ್ಲಿಂದ ಅವನು ಎಳೆಯುವುದು ಭೂಮಿಯ ಎಳೆತದ 3 ಲಕ್ಷದಲ್ಲಿ ಒಂದು ಪಾಲಿನಷ್ಟು. 3 ಕಿಲೋ ಒನಕೆಗೆ ಅದು 10 ಮಿಲಿಗ್ರಾಂ. ಒಗ್ಗರಣೆ ಸಾಸಿವೆಯ ಮೂರ್ನಾಲ್ಕು ಕಾಳು! ಅದೂ ಗ್ರಹಣಕ್ಕೆಂದೇ ಬಂದದ್ದಲ್ಲ, ದಿನಾ ಇರುವಂಥದ್ದೇ. ಸೂರ್ಯನ ಎಳೆತವೂ ಅಷ್ಟೇ, ರಜೆ ಹಾಕಿದ್ದೇ ಇಲ್ಲ. ಒನಕೆ ನಿಲ್ಲುವುದು ತಳ ಚಪ್ಪಟೆಯಾಗಿರುವುದಕ್ಕೆ. ಭಾರ ಆ ತಳದ ಆಚೆ ವಾಲದಿದ್ದರೆ ಸಾಕು, ಯಾವುದು ಬೇಕಾದರೂ ನಿಲ್ಲುತ್ತದೆ. ನಮ್ಮ ಮನೆಯ ಗ್ಯಾಸ್ ಸಿಲಿಂಡರ್ ವರ್ಷವಿಡೀ ನಿಂತೇ ಇದೆ. ಒಂದು ಲೈಕೂ ಇಲ್ಲ, ಪಾಪ.

ಈ ಪ್ರಯೋಗದಲ್ಲಿ ಸಣ್ಣದೊಂದು ಭಾಗ ಯಾವಾಗಲೂ ಬಾಕಿ. ಗ್ರಹಣ ಇಲ್ಲದ ದಿನ ಅದೇ ಒನಕೆ, ಅದೇ ತಟ್ಟೆ ಇಟ್ಟು ನೋಡುವುದು. ಆದರೆ ಸುಮ್ನೆ ಒಂದು ಮಂಗಳವಾರ ಮಧ್ಯಾಹ್ನ ನಿಂತ ಒನಕೆಯನ್ನು ಯಾರು ನೋಡುತ್ತಾರೆ? ಟಿವಿಯವರೂ ಬರುವುದಿಲ್ಲ. ಗ್ರಹಣವಾದರೆ ಪರದೆಯ ಅರ್ಧಕ್ಕೆ ಜ್ಯೋತಿಷಿ, ಉಳಿದರ್ಧಕ್ಕೆ ಒನಕೆ. ಎರಡರಲ್ಲಿ ಬಾಯಿ ಮುಚ್ಚಿಕೊಂಡು ನಿಲ್ಲುವುದು ಒನಕೆ ಮಾತ್ರ. ನನಗೆ ಅದರ ಮೇಲೇ ಗೌರವ ಜಾಸ್ತಿ.

ನಾಳೆ ಯಾರೋ ಹೈಸ್ಕೂಲ್ ಮೇಷ್ಟ್ರು ಆ ಬಾಕಿ ಪ್ರಯೋಗ ಮಾಡಿ ವಿಡಿಯೊ ಹಾಕಿದರು ಅನ್ನಿ. ಕೆಳಗೆ ಮೊದಲ ಕಮೆಂಟ್ ಏನು ಬರುತ್ತದೆ ಅಂತ ಈಗಲೇ ಹೇಳುತ್ತೇನೆ: "ಸರ್, ಅವತ್ತು ಅಮೆರಿಕದಲ್ಲಿ ಗ್ರಹಣ ಇತ್ತು."