ಸಾಲಿನಲ್ಲಿ ನಿಂತವನು ಆಡುವುದು ಯಾವಾಗ?

ಜರ್ಮನಿಯಲ್ಲಿ ಮಕ್ಕಳಿಗೆ ಫುಟ್‌ಬಾಲ್ ಹೇಗೆ ಕಲಿಸುತ್ತಾರೆ ಎಂದು, ಅಲ್ಲೇ ನೆಲೆಸಿರುವ ನನ್ನನ್ನು ಊರಿನವರು ಕೇಳಿದರೆ ನನ್ನ ಉತ್ತರ ಅವರಿಗೆ ರುಚಿಸುವುದಿಲ್ಲ. ಮಂಗಳೂರಿನ ಕಡಲಂಚಿನ ಕಸಬಾ ಬೆಂಗ್ರೆಯ ಹೊಯ್ಗೆಯಲ್ಲಿ, ಅಂದರೆ ಮರಳಿನಲ್ಲಿ, ಸಂಜೆ ಹೊತ್ತು ಹುಡುಗರು ಆಡುತ್ತಾರಲ್ಲ, ಹೆಚ್ಚುಕಡಿಮೆ ಹಾಗೆಯೇ ಎನ್ನುತ್ತೇನೆ. ಯಂತ್ರ, ಕ್ಯಾಮೆರಾ, ಕಂಪ್ಯೂಟರ್ ಎಂದೆಲ್ಲ ಹೇಳುತ್ತಾನೆಂದು ಕಾದು ಕುಳಿತವರ ಮುಖ ಸಪ್ಪಗಾಗುತ್ತದೆ.

ಮಂಗಳೂರಿನ ಮೈದಾನಗಳಲ್ಲಿ, ಉಡುಪಿಯಲ್ಲೂ ಅಷ್ಟೇ, ರಜಾ ಶಿಬಿರಗಳಲ್ಲಿ ನಾನು ಕಂಡದ್ದು ಬಹುಮಟ್ಟಿಗೆ ಒಂದೇ ಕ್ರಮ. ಮೊದಲು ಮೈದಾನಕ್ಕೆ ನಾಲ್ಕು ಸುತ್ತು ಓಟ. ಆಮೇಲೆ ಗುರುತಿಗೆ ನೆಲದಲ್ಲಿಟ್ಟ ಕೋನ್‌ಗಳ ಮುಂದೆ ಸಾಲು. ಕೊನೆಗೆ ಸಮಯ ಉಳಿದರೆ ಎರಡು ದೊಡ್ಡ ತಂಡ ಮಾಡಿ ಒಂದು ಮ್ಯಾಚ್. ಲೆಕ್ಕ ಹಾಕಿ ನೋಡಿ: ಸಾಲಿನಲ್ಲಿ 20 ಹುಡುಗರು, ಒಬ್ಬೊಬ್ಬರಿಗೆ 15 ಸೆಕೆಂಡು. ಒಮ್ಮೆ ಚೆಂಡು ಮುಟ್ಟಿದವನಿಗೆ ಮತ್ತೆ ಸರದಿ ಬರಲು ಐದು ನಿಮಿಷ ಬೇಕು. ಇಪ್ಪತ್ತು ನಿಮಿಷದ ಡ್ರಿಲ್‌ನಲ್ಲಿ ಅವನ ಪಾಲಿಗೆ ನಾಲ್ಕು ಸಲ. ಉಳಿದ ಹತ್ತೊಂಬತ್ತು ನಿಮಿಷ ಅವನು ಮುಂದಿನವನ ಜೆರ್ಸಿ ಎಳೆಯುತ್ತಾನೆ, ಕೋಚ್‌ನಿಂದ ಬೈಸಿಕೊಳ್ಳುತ್ತಾನೆ. ಕೋಚ್‌ಗಳ ಶ್ರದ್ಧೆಯ ಬಗ್ಗೆ ನನಗೆ ಎರಡು ಮಾತಿಲ್ಲ. ಮೇ ತಿಂಗಳ ಆ ಸೆಕೆಯಲ್ಲಿ ನಿಂತು ಕೂಗುವುದೇ ದೊಡ್ಡದು. ತಕರಾರು ಇರುವುದು ಯೋಜನೆಯ ಬಗ್ಗೆ.

ಸಾಲಿನಲ್ಲಿ ಕೋನ್ ಸುತ್ತುವ ಹುಡುಗನಿಗೆ ಕಾಲು ಪಳಗಬಹುದು, ಕಣ್ಣು ಪಳಗುವುದಿಲ್ಲ. ಕೋನ್ ಅಡ್ಡ ಬಂದು ಚೆಂಡು ಕಸಿಯುವುದಿಲ್ಲವಲ್ಲ. ಯಾರಿಗೆ ಪಾಸ್ ಕೊಡಬೇಕು, ಯಾವಾಗ ತಿರುಗಬೇಕು ಎಂಬ ನಿರ್ಧಾರವೇ ಅಲ್ಲಿಲ್ಲ.

ಜರ್ಮನ್ನರಿಗೂ ಇದು ಸುಲಭಕ್ಕೆ ಅರ್ಥವಾದದ್ದಲ್ಲ. 2000ದ ಯೂರೋ ಕಪ್‌ನಲ್ಲಿ ಅವರ ತಂಡ ಒಂದೇ ಅಂಕ ಗಳಿಸಿ ಗುಂಪಿನ ತಳ ಸೇರಿತು. ಆ ಅವಮಾನದ ಬಳಿಕ ದೇಶದುದ್ದಕ್ಕೂ 300ಕ್ಕೂ ಹೆಚ್ಚು ಪ್ರತಿಭಾ ಕೇಂದ್ರಗಳನ್ನು ಕಟ್ಟಿದರು. 2014ರಲ್ಲಿ ವಿಶ್ವಕಪ್ ಕೈಗೆ ಬಂತು. ಅಷ್ಟಾಗಿಯೂ 2018 ಮತ್ತು 2022ರಲ್ಲಿ ಮೊದಲ ಸುತ್ತಿನಲ್ಲೇ ಮನೆಗೆ ಹೋದರು. ಬೀದಿಯಲ್ಲಿ ಆಡುವ ಮಕ್ಕಳೇ ಕಡಿಮೆಯಾಗಿದ್ದಾರೆ ಎಂಬ ಕೊರಗು ಅಲ್ಲಿ ಬಹುಕಾಲದ್ದು. ಕೊನೆಗೆ 2024–25ರ ಋತುವಿನಿಂದ ಬೀದಿಯಾಟವನ್ನೇ ನಿಯಮ ಮಾಡಿ ಮೈದಾನಕ್ಕೆ ತಂದರು. ತೀರಾ ಚಿಕ್ಕವರಿಗೆ ತಂಡಕ್ಕೆ ಇಬ್ಬರು ಅಥವಾ ಮೂವರು, ಎರಡೂ ತುದಿಗೆ ಎರಡೆರಡರಂತೆ ನಾಲ್ಕು ಪುಟ್ಟ ಗೋಲುಗಳು, ಗೋಲ್‌ಕೀಪರ್ ಇಲ್ಲ, ಅಂಕಪಟ್ಟಿ ಇಲ್ಲ. ಪಕ್ಕಪಕ್ಕದ ಹಲವು ಅಂಕಣಗಳಲ್ಲಿ ಆಟ: ಗೆದ್ದವರು ಒಂದು ಅಂಕಣ ಮೇಲಕ್ಕೆ, ಸೋತವರು ಒಂದು ಕೆಳಕ್ಕೆ. ಹೀಗೆ ಸಮಬಲದವರು ತಾವಾಗಿಯೇ ಎದುರಾಗುತ್ತಾರೆ. ಹನ್ನೊಂದು ಮಂದಿಯ ಆಟ ಹದಿಮೂರು ಹದಿನಾಲ್ಕರ ವಯಸ್ಸಿಗೆ. ಡಾರ್ಟ್ಮುಂಡ್ ಕ್ಲಬ್‌ನ ಮುಖ್ಯಸ್ಥರಾಗಿದ್ದ ವಾಟ್ಸ್ಕೆ ಅವರಂಥ ದೊಡ್ಡವರೇ ಇದನ್ನು ಬಹಿರಂಗವಾಗಿ ವಿರೋಧಿಸಿದ್ದರು. ಸೋಲು ಗೆಲುವು ಮಕ್ಕಳಿಗೆ ಗೊತ್ತಾಗಬೇಡವೇ ಎಂಬುದು ವಿರೋಧಿಗಳ ವಾದ. ನನಗಂತೂ ಅದು ಪೊಳ್ಳು ಎನಿಸುತ್ತದೆ. ಎಷ್ಟು ಗೋಲು ಬಿತ್ತೆಂದು ಮಕ್ಕಳು ಯಾರೂ ಬರೆದಿಡದಿದ್ದರೂ ಬಾಯಿಪಾಠ ಹೇಳುತ್ತಾರೆ.

ಸ್ಟುಟ್‌ಗಾರ್ಟ್ ಬಳಿಯ ನಮ್ಮ ಊರಿನ ಕ್ಲಬ್‌ನಲ್ಲಿ ಹತ್ತು ಹನ್ನೊಂದರ ಮಕ್ಕಳ ಗುಂಪಿಗೆ ನಾನು ಕೈಜೋಡಿಸುತ್ತೇನೆ. ಒಂದು ಸಂಜೆಗೆ ಒಂದೇ ವಿಷಯ. ಉದಾಹರಣೆಗೆ, ಚೆಂಡು ಬರುವ ಮೊದಲೇ ಹಿಂದೆ ತಿರುಗಿ ನೋಡುವುದು. ಮೊದಲು ನಾಲ್ವರು ವೃತ್ತದಲ್ಲಿ, ಒಬ್ಬ ನಡುವೆ. ಚೆಂಡು ಕಸಿದರೆ ಜಾಗ ಬದಲು. ಮೈ ಬಿಸಿಯಾಗಲು ಅಷ್ಟು ಸಾಕು, ಸುತ್ತು ಓಟ ಬೇಡ. ಆಮೇಲೆ ಮೂವರಿಗೆ ಮೂವರು, ನಾಲ್ಕು ಗೋಲು. ಒಂದು ಬದಿಯ ಗೋಲಿನ ಮುಂದೆ ಎದುರಾಳಿಗಳು ಸೇರಿಕೊಂಡರೆ ಇನ್ನೊಂದು ಖಾಲಿಯಿರುತ್ತದೆ. ತಲೆ ಎತ್ತಿ ನೋಡದವನಿಗೆ ಅದು ಕಾಣುವುದೇ ಇಲ್ಲ. ಕೋಚ್ ‘ನೋಡು, ನೋಡು’ ಎಂದು ಅರಚಬೇಕಾಗಿಲ್ಲ. ಆಟ ಸಲೀಸಾದರೆ ಅಂಕಣ ಚಿಕ್ಕದು ಮಾಡುತ್ತೇವೆ, ತೊಡಕಾದರೆ ಒಬ್ಬನನ್ನು ಹೆಚ್ಚು ಕೊಡುತ್ತೇವೆ. ಕೊನೆಯ ಇಪ್ಪತ್ತು ನಿಮಿಷ ನಮ್ಮ ಬಾಯಿ ಬಂದ್.

ಇದನ್ನೆಲ್ಲ ಹಾಗೆಯೇ ಹೊತ್ತು ತನ್ನಿ ಎನ್ನುವುದಿಲ್ಲ. ಅಲ್ಲಿನವರಿಗೆ ಕಾಗದದ ಮೋಹ ಅತಿ. ಎಂಟು ವರ್ಷದ ಹುಡುಗನಿಗೂ ವರ್ಷದ ವೇಳಾಪಟ್ಟಿ. ಜೂನ್ ಬಂದರೆ ನಮ್ಮ ಮೈದಾನ ಕೆರೆಯಾಗುತ್ತದೆ, ನೆಲಕ್ಕಂಟಿದ ಪಾಸ್ ಎರಡು ಮಾರು ಹೋಗಿ ನಿಲ್ಲುತ್ತದೆ. ಮಳೆಗಾಲದ ಯೋಜನೆಯನ್ನು ಇಲ್ಲಿನವರೇ ಮಾಡಬೇಕು: ನೀರಿನ ಮೇಲಿಂದ ಚೆಂಡು ಎತ್ತಿ ಕೊಡುವುದು, ಎದೆಯಲ್ಲಿ ತಡೆಯುವುದು, ಕೆಸರಿನಲ್ಲಿ ಕಾಲೂರುವುದು. ಯುರೋಪಿನ ಯಾವ ಕೈಪಿಡಿಯೂ ಇಲ್ಲಿ ನೆರವಿಗೆ ಬಾರದು.

ನನಗೆ ಬೇಸರ ತರುವುದು ಇನ್ನೊಂದು. ಹೊಯ್ಗೆಯಲ್ಲಿ ಚಪ್ಪಲಿಯನ್ನೇ ಗೋಲು ಮಾಡಿಕೊಂಡು, ರೆಫ್ರಿ ಇಲ್ಲದೆ, ತಮ್ಮ ಜಗಳ ತಾವೇ ತೀರಿಸಿಕೊಂಡು ಆಡುವ ಹುಡುಗನನ್ನು ಶಿಬಿರಕ್ಕೆ ಸೇರಿಸಿ ನಾವು ಸಾಲಿನಲ್ಲಿ ನಿಲ್ಲಿಸುತ್ತೇವೆ, ಅದಕ್ಕೆ ಶುಲ್ಕವನ್ನೂ ಕಟ್ಟಿಸಿಕೊಳ್ಳುತ್ತೇವೆ. ಹತ್ತರೊಳಗಿನವರ ಟೂರ್ನಿಗೆ ಟ್ರೋಫಿ, ಪತ್ರಿಕೆಯಲ್ಲಿ ಫೋಟೊ ಬೇಕೇ ಬೇಕು ಎನ್ನುವ ಪೋಷಕರಿಗಾಗಿ ಕೋಚ್ ಮೈಕಟ್ಟು ದೊಡ್ಡದಿರುವವನನ್ನೇ ಆರಿಸುತ್ತಾರೆ. ಸಣ್ಣ ಆಳಿನ ಚುರುಕು ಹುಡುಗ ಬದಿಯಲ್ಲಿ ನೀರಿನ ಬಾಟಲಿ ಕಾಯುತ್ತಾನೆ.

ನೂರು ಮೀಟರ್ ಉದ್ದ, ಅರವತ್ತು ಮೀಟರ್ ಅಗಲದ ಒಂದು ಮೈದಾನದಲ್ಲಿ 28ಕ್ಕೆ 22 ಮೀಟರ್‌ನ ಆರು ಅಂಕಣ ಸಲೀಸಾಗಿ ಹಿಡಿಯುತ್ತವೆ. ಈಗ 22 ಮಂದಿ ಆಡುವ ಜಾಗದಲ್ಲಿ 36 ಮಕ್ಕಳು ಏಕಕಾಲಕ್ಕೆ ಆಡಬಹುದು. ಸುಣ್ಣದ ಪುಡಿ, ಬಿದಿರಿನ ಗಳ, ಹತ್ತು ಹನ್ನೆರಡು ಚೆಂಡು, ಇಷ್ಟಿದ್ದರೆ ಬರುವ ರಜೆಯಲ್ಲೇ ಶುರು ಮಾಡಬಹುದು. ಪೋಷಕರನ್ನು ಗೆರೆಯಿಂದ ದೂರ ನಿಲ್ಲಿಸುವುದೇ ಕಷ್ಟದ ಕೆಲಸ. ಜರ್ಮನಿಯಲ್ಲೂ ಅದೇ ಪಾಡು, ಅವರು ಅದಕ್ಕೂ ಒಂದು ನಿಯಮ ಬರೆದಿದ್ದಾರೆ.