ಗೋಡೆ ಕಟ್ಟಿದರೆ ಅಲೆ ನಿಲ್ಲಬಹುದು, ಒರತೆ?

ಕಡಲ ದಂಡೆಯ ಬಡವರ ಕೇರಿಗೆ ನೀರು ನುಗ್ಗಿದಾಗಲೆಲ್ಲ ಸುದ್ದಿಯಲ್ಲಿ ಅದೇ ದೃಶ್ಯ: ಉಕ್ಕುವ ಅಲೆ, ಬಂಡೆಗಲ್ಲು ಸುರಿಯುವ ಲಾರಿ, ತಡೆಗೋಡೆಯ ಭರವಸೆ. ಗೋಡೆ ಬೇಡ ಎನ್ನುತ್ತಿಲ್ಲ. ಆದರೆ ನೀರು ಎದುರಿನಿಂದಷ್ಟೇ ಬರುತ್ತದೆಯೇ?

ದಂಡೆಯ ನೆಲದಡಿ ಸಿಹಿನೀರು ಹಗುರ, ಉಪ್ಪುನೀರು ಭಾರ. ಹಗುರವಾದದ್ದು ಮೇಲೆ ತೇಲುತ್ತಿರುತ್ತದೆ. ಕಡಲಮಟ್ಟ ಏರಿದರೆ ಅಂತರ್ಜಲವೂ ಮೇಲೇಳುತ್ತದೆ. ಗೋಡೆಯ ಬುಡದ ಮರಳಿನಲ್ಲಿ ನುಸುಳಿಬರುವ ನೀರನ್ನು ತಡೆಯುವವರು ಯಾರು? ಮಳೆಯಿಲ್ಲದ ದಿನವೂ ಚರಂಡಿ ತುಂಬುವುದು, ಕಕ್ಕಸುಗುಂಡಿ ಉಕ್ಕುವುದು ಹೀಗೆ. ಇತ್ತ ಎಲ್ಲರೂ ಪಂಪು ಹಚ್ಚಿ ಸಿಹಿನೀರು ಎಳೆದರೆ ಇನ್ನೊಂದು ಪೇಚು. ಸ್ಥೂಲ ಲೆಕ್ಕದಲ್ಲಿ ಸಿಹಿನೀರಿನ ಮಟ್ಟ 1 ಮೀಟರ್ ಇಳಿದರೆ ಕೆಳಗಿನ ಉಪ್ಪು ಸುಮಾರು 40 ಮೀಟರ್ ಮೇಲೇರುತ್ತದೆ. ನೂರು ಕೊಡ ಸಿಹಿನೀರಿಗೆ ಮೂರ್ನಾಲ್ಕು ಕೊಡ ಕಡಲನೀರು ಸೇರಿದರೂ ಸಾಕು, ಅದು ಕುಡಿಯಲು ಬಾರದು.

ಉಪ್ಪಾದರೆ ನಾಲಗೆಗಾದರೂ ಗೊತ್ತಾಗುತ್ತದೆ. ನನಗೆ ಹೆಚ್ಚು ಭಯ ನಾಲಗೆಗೆ ಸಿಗದ್ದರದ್ದು. ಕಾರ್ಖಾನೆ, ಬಂದರು, ಕಸದ ಗುಡ್ಡ ಎಲ್ಲಿರುತ್ತವೋ ಅಲ್ಲೇ ಅಗ್ಗದ ಜಾಗ, ಅಲ್ಲೇ ಬಡವರ ಮನೆ. ಹಳೆಯ ವಿಷವನ್ನು ಹೂತು ಮೇಲೆ ಮಣ್ಣು ಮುಚ್ಚಿ 'ಸುರಕ್ಷಿತ' ಎಂದು ಬರೆದುಕೊಟ್ಟವರು, ಕೆಳಗಿನ ನೀರು ಇದ್ದಲ್ಲೇ ಇರುತ್ತದೆ ಎಂದೇ ನಂಬಿದ್ದರು. ಸ್ಯಾನ್ ಫ್ರಾನ್ಸಿಸ್ಕೋದ ಹಂಟರ್ಸ್ ಪಾಯಿಂಟ್ ನೋಡಿ. ನೌಕಾಪಡೆಯ ಹಳೆಯ ಹಡಗುಕಟ್ಟೆ, ವಿಕಿರಣದ ಪ್ರಯೋಗ ನಡೆದ ಜಾಗ. ಪಕ್ಕದಲ್ಲೇ ಕಪ್ಪು ಜನರ ಬಡಾವಣೆ. ಏರುವ ಅಂತರ್ಜಲ ಹೂತ ವಿಷವನ್ನು ಕದಲಿಸಬಹುದು, ನಗರ ಇದಕ್ಕೆ ಸಿದ್ಧವಾಗಿಲ್ಲ ಎಂದು ಅಲ್ಲಿನ ನಾಗರಿಕರ ತನಿಖಾ ಮಂಡಳಿ 2022ರಲ್ಲಿ ಬರೆದೇಬಿಟ್ಟಿತು. ನೆರೆಯೂ ಇದೇ ಕೆಲಸ ಮಾಡುತ್ತದೆ, ಇನ್ನೂ ಒರಟಾಗಿ. 2017ರ ಹಾರ್ವೆ ಚಂಡಮಾರುತದ ನಂತರ ಟೆಕ್ಸಾಸ್‌ನ ಸ್ಯಾನ್ ಜಸಿಂಟೋ ನದಿಯಂಚಿನ ಕಾಗದ ಕಾರ್ಖಾನೆಯ ತ್ಯಾಜ್ಯಗುಂಡಿಯ ಮುಚ್ಚಳ ಒಂದು ಕಡೆ ಕಿತ್ತುಹೋಗಿತ್ತು. ಅಲ್ಲಿನ ಕೆಸರಿನಲ್ಲಿ ಸಿಕ್ಕ ಡಯಾಕ್ಸಿನ್ ಎಂಬ ಘೋರ ವಿಷ ಕೆ.ಜಿ.ಗೆ 70,000 ನ್ಯಾನೊಗ್ರಾಂಗೂ ಹೆಚ್ಚು. ಸ್ವಚ್ಛಗೊಳಿಸಲು ಇಟ್ಟುಕೊಂಡಿದ್ದ ಮಿತಿ 30!

ನೆರೆ ಇಳಿದ ಮೇಲೆ ನಾವು ಮಾಡುವುದೇನು? ಬಾವಿಗೆ ಬ್ಲೀಚಿಂಗ್ ಪುಡಿ, 'ಕುದಿಸಿ ಕುಡಿಯಿರಿ' ಎಂಬ ಕರಪತ್ರ. ರೋಗಾಣುವಿಗೆ ಅದು ಸರಿ. ಸೀಸ, ಡಯಾಕ್ಸಿನ್ ಬ್ಲೀಚಿಂಗಿಗೆ ಬಗ್ಗುವುದಿಲ್ಲ. ಉಪ್ಪುನೀರನ್ನು ಕುದಿಸಿದಷ್ಟೂ ಉಪ್ಪು ಹೆಚ್ಚೇ ಆಗುತ್ತದೆ. ಅವಸರದ ನೆರವೂ ತಿರುಗುಬಾಣವಾದೀತು. 2004ರ ಸುನಾಮಿಯ ನಂತರ ಶ್ರೀಲಂಕಾದಲ್ಲಿ ಒಳ್ಳೆಯ ಮನಸ್ಸಿನಿಂದಲೇ ಬಾವಿಗಳನ್ನು ಮತ್ತೆ ಮತ್ತೆ ಪಂಪಿಟ್ಟು ಬರಿದು ಮಾಡಿದರು. ಕೆಲವು ಕಡೆ ಅದರಿಂದಲೇ ಅಡಿಯ ಉಪ್ಪು ಮೇಲೆದ್ದು ಬಂತು. ಸುಮ್ಮನೆ ಬಿಟ್ಟು ಮಳೆಗೆ ಕಾಯಬೇಕಿತ್ತು. ಆದರೆ ಕಾಯುವಷ್ಟು ದಿನ ಕುಡಿಯುವ ನೀರನ್ನು ಬೇರೆಡೆಯಿಂದ ತಂದುಕೊಡುವವರು ಬೇಕಲ್ಲ!

ನನ್ನ ಸಿಟ್ಟು ನೆರೆಯ ನಕ್ಷೆಗಳ ಮೇಲೆ. ಹೆಚ್ಚಿನವು ನದಿ ಉಕ್ಕುವುದನ್ನು, ಅಲೆ ನುಗ್ಗುವುದನ್ನು ಲೆಕ್ಕ ಹಾಕುತ್ತವೆ, ನೆಲ ಒಸರುವುದನ್ನಲ್ಲ. ನಕ್ಷೆಯಲ್ಲಿ ಬಣ್ಣ ಬೀಳದ ಕೇರಿಗೆ ಹಣವೂ ಬೀಳುವುದಿಲ್ಲ. ಅಳೆಯುವುದೇನು ಬ್ರಹ್ಮವಿದ್ಯೆಯಲ್ಲ. ನೆಲಕ್ಕಿಳಿಸಿದ ತೂತಿನ ಕೊಳವೆ, ಒಂದು ಅಳತೆಪಟ್ಟಿ, ಭರತಕ್ಕೂ ಇಳಿತಕ್ಕೂ ಒಂದೊಂದು ಸಲ ನೋಡುವ ಕಣ್ಣು, ಆಗಾಗ ಒಂದು ಬಾಟಲಿ ನೀರು ಪ್ರಯೋಗಾಲಯಕ್ಕೆ. ಗೋಡೆಯ ಟೆಂಡರ್ ಕರೆಯುವ ಮೊದಲು ಇಷ್ಟನ್ನು ಮಾಡಿ, ಬಂದ ಅಂಕಿಯನ್ನು ಕಚೇರಿಯ ಕಪಾಟಿನಲ್ಲಿ ಇಡದೆ ಆ ನೀರು ಕುಡಿಯುವವರ ಬೀದಿಯಲ್ಲೇ ಬರೆದುಹಾಕಲಿ.