ಎಚ್‌ಎಂಟಿ ವಾಚು, ಒಂದು

"ಅವರ ಕಡೆ ಯಾವ ವಾಚ್ ಇಲ್ಲ, ಅದನ್ನ ಹೇಳ್ರಿ. ನಾ ತೆಗದು ಕೊಡ್ತೇನಿ."

ಬಾಗಲಕೋಟೆಯ ಅಂಗಡಿಯವರು ಹೀಗೆ ಕೇಳಿದಾಗ ನನಗೆ ಸಿಟ್ಟು ಬಂತು. ಪಾಪ, ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಸಿಟ್ಟು ಬಂದದ್ದು ನಮ್ಮ ಮಾಮಾನ ಮೇಲೆ.

ಮಾಮಾ ಅಂದರೆ ಅಕ್ಕನ ಗಂಡ. ಅವರಿಗೀಗ ಅರವತ್ತು ತುಂಬುತ್ತಿದೆ. ಮನೆಯಲ್ಲಿ ಚಿಕ್ಕದೊಂದು ಕಾರ್ಯಕ್ರಮ. ಉಡುಗೊರೆಗೆ ಎರಡು ಸಾವಿರ ರೂಪಾಯಿ ಎಂದು ನಾನೂ ಹೆಂಡತಿಯೂ ಕೂತು ನಿಕ್ಕಿ ಮಾಡಿದ್ದೇವೆ. ಎರಡು ಸಾವಿರಕ್ಕೆ ಬಾಗಲಕೋಟೆಯಲ್ಲಿ ಬೇಕಾದಷ್ಟು ಸಿಗುತ್ತದೆ. ಆದರೆ ಮಾಮಾಗೆ ವಾಚುಗಳ ಹುಚ್ಚು. ಅಕ್ಕನ ಸೀರೆಗಳಿದ್ದ ಕಪಾಟಿನ ಎರಡು ಖಾನೆ ಈಗ ವಾಚುಗಳ ಪಾಲಾಗಿವೆ. ಇಷ್ಟೆಲ್ಲ ಇದ್ದೂ ಟೈಮ್ ಎಷ್ಟು ಎಂದರೆ ಅವರು ಮೊಬೈಲ್ ನೋಡುತ್ತಾರೆ. ನಿಮಗೇನು ಬೇಕು ಎಂದು ನೇರವಾಗಿಯೇ ಕೇಳಿದೆ. "ಏನೂ ಬ್ಯಾಡೋ. ನೀವು ಬಂದ್ರ ಸಾಕು" ಎಂದರು. ಈ ಮಾತನ್ನು ನಂಬಿ ಬರಿಗೈಲಿ ಹೋದವರ ಗತಿ ಏನಾಗುತ್ತದೆ ಎಂಬುದು ನಮ್ಮ ಬಳಗದಲ್ಲಿ ಎಲ್ಲರಿಗೂ ಗೊತ್ತು.

ಇಂಥವರಿಗೆ ಏನು ಕೊಡಬೇಕು ಎಂದು ಒಂದೊಂದಾಗಿ ಲೆಕ್ಕ ಹಾಕಿದೆ. ಹೇಳುತ್ತೇನೆ, ತಾಳಿ.

ಮೊದಲು, ವಾಚು ಕೊಡುವ ಹಾಗಿಲ್ಲ. ನಮ್ಮ ರೊಕ್ಕಕ್ಕೆ ಧಾರಾಳವಾಗಿ ಬರುವುದು ಕ್ಯಾಸಿಯೊ ಎಫ್-91ಡಬ್ಲ್ಯೂ. 1989ರಲ್ಲಿ ಬಂದ ವಾಚು, ಇಂದಿಗೂ ಹೆಚ್ಚುಕಮ್ಮಿ ಅದೇ ಮುಖ ಹೊತ್ತು ಬರುತ್ತಿದೆ. ಅದು ಮಾಮಾನ ಹತ್ತಿರ ಇದೆ. ಬೆಲ್ಟ್ ಕೊಡೋಣ ಎಂದರೆ ಅಲ್ಲಿ ಮಿಲಿಮೀಟರಿನ ಲೆಕ್ಕ. ಬೆಲ್ಟ್ ಕೂರುವ, ವಾಚಿನ ಎರಡು ಕೊಂಬುಗಳ ನಡುವೆ 18 ಇರಬಹುದು, 20 ಇರಬಹುದು, 22 ಇರಬಹುದು. ಒಂದು ಮಿಲಿಮೀಟರ್ ಜಾಸ್ತಿಯಾದರೆ ಒಳಗೆ ಕೂರುವುದಿಲ್ಲ, ಕಮ್ಮಿಯಾದರೆ ಸಂದು ಕಾಣುತ್ತದೆ. ಪಟ್ಟಿ ಹಿಡಿದು ಕದ್ದು ಅಳೆಯಲು ಆ ಕಪಾಟಿನ ಚಾವಿ ಅಕ್ಕನ ಹತ್ತಿರವೂ ಇಲ್ಲ.

ಅಲ್ಲದೆ ಬೆಲ್ಟ್ ಬದಲಿಸುವ ದಿನ ಅವರ ಮನೆಯಲ್ಲಿ ಇರಲೇಬಾರದು. ಬೆಲ್ಟನ್ನು ಹಿಡಿದಿಡುವ ಒಂದು ಸಣ್ಣ ಸ್ಪ್ರಿಂಗ್ ಕಡ್ಡಿ ಇರುತ್ತದೆ. ಮಾಮಾ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಬಿಗಿ ಹಿಡಿದು, ಕವಲು ತುದಿಯ ಸಲಕರಣೆಯಿಂದ ಅದನ್ನು ಒಂದು ಬದಿಗೆ ಒತ್ತುತ್ತಾರೆ. ಟಕ್ ಎನ್ನುತ್ತದೆ. ಕಡ್ಡಿ ಮಾಯ. ಆಮೇಲೆ ಬಂದ ಬೀಗರು, ಚಹಾ ಕುಡಿಯುತ್ತಿದ್ದ ಪಕ್ಕದ ಮನೆಯವರು, ಎಲ್ಲರೂ ಮೊಬೈಲ್ ಟಾರ್ಚ್ ಹಚ್ಚಿಕೊಂಡು ಸೋಫಾದ ಕೆಳಗೆ. "ಯಾರೂ ಕಾಲು ಎತ್ತಬ್ಯಾಡ್ರಿ!" ಎಂದು ಮಾಮಾ ಕೂಗುತ್ತಿರುತ್ತಾರೆ. ಆ ಕಡ್ಡಿ ಹತ್ತಿಪ್ಪತ್ತು ರೂಪಾಯಿಗೆ ಸಿಗುವಂಥದ್ದು.

ಒಂದು ವಸ್ತುವಿನ ಮೇಲೆ ಮಾತ್ರ ನನಗೆ ಭರವಸೆ ಇತ್ತು. ಚಾವಿ ವಾಚಿನ ಒಳಗೆ ಕೂದಲೆಳೆಯಂಥ ಒಂದು ಸುರುಳಿ ಇರುತ್ತದೆ. ಸ್ಪೀಕರಿನ ಹತ್ತಿರ ಇಟ್ಟು ಅದಕ್ಕೆ ಅಯಸ್ಕಾಂತ ಹತ್ತಿತು ಎನ್ನಿ, ಸುರುಳಿಯ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ವಾಚು ಜೋರಾಗಿ ಓಡತೊಡಗುತ್ತದೆ. ಅದನ್ನು ಬಿಡಿಸಲು ಅಂಗೈ ಅಗಲದ ನೀಲಿ ಡಬ್ಬಿಯೊಂದು ಬರುತ್ತದೆ, ಬೆಲೆಯೂ ಕಮ್ಮಿ. ಇದನ್ನೇ ಕೊಡುವುದು ಎಂದು ಹಿಗ್ಗಿದೆ. ಅಕ್ಕನಿಗೆ ಫೋನ್ ಮಾಡಿದರೆ, "ಆ ನೀಲಿ ಡಬ್ಬಿ ಏನ? ಎರಡು ಅದಾವಲ್ಲೋ" ಎಂದಳು.

"ಸುಮ್ನ ಶಾಲು ಹೊಚ್ಚಿ, ಅಮೀನಗಡ ಕರದಂಟು ಕೊಟ್ಟು ಬರೂಣ್ರಿ" ಎಂದು ಹೆಂಡತಿ ಹೇಳಿದಳು. ಮಾತು ಒಪ್ಪುವಂಥದ್ದೇ. ಆದರೆ ಅಷ್ಟರಲ್ಲಿ ನನಗೆ ಹಟ ಹತ್ತಿತ್ತು. ಮಾಮಾ ಬಾಯಿಬಿಟ್ಟು ಕೇಳಿಯೂ ಸಿಗದ ವಾಚು ಒಂದಿದೆ. ಅದು ನಮ್ಮ ದೊಡ್ಡಪ್ಪನ ಟ್ರಂಕಿನಲ್ಲಿದೆ.

ಅದರ ಕತೆ ಹೇಳಿಬಿಡುತ್ತೇನೆ. ದೊಡ್ಡಪ್ಪನ ಮದುವೆ 1980ರ ಆಸುಪಾಸಿನದು. ಹೆಣ್ಣು ಗುಳೇದಗುಡ್ಡದ್ದು, ಬೀಗರದು ಖಣದ ವ್ಯಾಪಾರ. ಕೊಡು-ಕೊಳ್ಳುವ ಮಾತು ಮುಗಿದಾಗ ಹಿರಿಯರು ಒಂದು ಯಾದಿ ಬರೆದರಂತೆ. ಅದರಲ್ಲಿ "ಎಚ್‌ಎಂಟಿ ವಾಚು, ಒಂದು" ಎಂದಷ್ಟೇ ಇತ್ತು. ದೊಡ್ಡಪ್ಪ ಅದನ್ನು ಕಾಂಚನ್ ಎಂದು ಓದಿಕೊಂಡರು. ಬಂಗಾರ ಬಣ್ಣದ್ದು, ವಾರ-ತಾರೀಖು ತೋರಿಸುವಂಥದ್ದು, ಚಾವಿ ಕೊಡುವ ಕೆಲಸವೇ ಇಲ್ಲದ್ದು. ಆಗಿನ ಮದುವೆ ಗಂಡುಗಳೆಲ್ಲ ಕನಸು ಕಾಣುತ್ತಿದ್ದ ವಾಚು. ಬೀಗರು ಅದನ್ನು ಜನತಾ ಎಂದು ಓದಿಕೊಂಡರು. ದಿನಾ ಚಾವಿ ಕೊಡಬೇಕಾದ, ಒಳಗಿನ ಗಾಲಿಗಳ ಆಧಾರಕ್ಕೆ 17 ಜ್ಯುವೆಲ್ ಎಂಬ ಸಣ್ಣ ಹರಳುಗಳಿದ್ದ, ಸಾದಾ ಸೀದಾ ಜನತಾ.

ಮದುವೆ ದಿನ ಬೆಳಿಗ್ಗೆ ಜಾನೋಸದ ಮನೆಗೆ ತಾಟು ಬಂತು. ಧೋತ್ರ, ಉಂಗುರ, ಡಬ್ಬಿ. ದೊಡ್ಡಪ್ಪ ಡಬ್ಬಿ ತೆರೆದರು, ಮುಚ್ಚಿದರು, ಗೋಡೆಯ ಕಡೆ ಮುಖ ಮಾಡಿ ಕೂತರು. ಉಪ್ಪಿಟ್ಟು ಮುಟ್ಟಲಿಲ್ಲ.

"ಏನ ಕಮ್ಮಿ ಆತ್ರೆಪಾ?" ಎಂದು ಬೀಗರು ಕೇಳಿದರು.

"ವಾರ ಇಲ್ಲ, ತಾರೀಖ ಇಲ್ಲ."

"ಗ್ವಾಡಿಗೆ ಕ್ಯಾಲೆಂಡರ್ ಐತೆಲ್ಲರಿ."

ಈ ಮಾತಿಗೆ ಗಂಡಿನ ಕಡೆಯವರು ಒಂದು ತಾಸು ಸಿಟ್ಟಾಗಿದ್ದರಂತೆ. ಅಕ್ಕಿಕಾಳು ಬೀಳುವ ಹೊತ್ತು 11 ಗಂಟೆ 35 ನಿಮಿಷ. "ಎಷ್ಟಾತ್ರಿ, ಯಾರರೆ ನೋಡ್ರಿ" ಎಂದು ಅಯ್ಯನವರು ಹಂದರದಿಂದ ಕೂಗಿದರು. ಅವರ ಕೈಯ ವಾಚು ಅವತ್ತೇ ನಿಂತಿತ್ತು. ಯಾರೋ ಡಬ್ಬಿಯಿಂದ ಜನತಾ ಎತ್ತಿಕೊಂಡರು, ಚಾವಿ ಕೊಟ್ಟರು, ಬಿಸಿಲು ನೋಡಿ ಅಂದಾಜಿನ ಮೇಲೆ ಮುಳ್ಳು ತಿರುಗಿಸಿದರು. ಅದು 11:35 ತೋರಿಸಿದಾಗ ಅಕ್ಕಿಕಾಳು ಬಿದ್ದವು. ಹಾಗಾಗಿ ನಮ್ಮ ಲಗ್ನ ಆದದ್ದು ಎಷ್ಟು ಹೊತ್ತಿಗೆ ಎಂದು ದೇವರಿಗೂ ಗೊತ್ತಿಲ್ಲ ಎಂದು ದೊಡ್ಡವ್ವ ಇವತ್ತಿಗೂ ಹೇಳುತ್ತಾಳೆ.

ಈ ಕತೆಗೆ ಮನೆಯಲ್ಲಿ ಎಲ್ಲರೂ ನಗುತ್ತೇವೆ. ಆದರೆ ಒಂದು ಮಾತು. ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಎಚ್‌ಎಂಟಿ ಬೆಂಗಳೂರಿನಲ್ಲಿ ವಾಚಿನ ಕಾರ್ಖಾನೆ ಹಾಕಿದ್ದು 1961ರಲ್ಲಿ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದೂ ಅದೇ 1961ರಲ್ಲಿ. ಇಪ್ಪತ್ತು ವರ್ಷದಲ್ಲಿ ವಾಚು ಗುಳೇದಗುಡ್ಡ ಮುಟ್ಟಿತ್ತು, ಕಾಯ್ದೆ ಇನ್ನೂ ದಾರಿಯಲ್ಲೇ ಇತ್ತು. ಆ ಸಾದಾ ಜನತಾ ತರಲು ದೊಡ್ಡವ್ವನ ಅಪ್ಪ ಯಾರ ಹತ್ತಿರ ಕೈಚಾಚಿದ್ದರೋ! ಗೋಡೆಗೆ ಮುಖ ಮಾಡಿ ಕೂತವರು ಅದನ್ನು ಕೇಳಲಿಲ್ಲ. ಕೇಳುವ ಪದ್ಧತಿಯೂ ಇರಲಿಲ್ಲ. ಇರಲಿ, ಹಿರಿಯರ ವಿಷಯ.

ದೊಡ್ಡಪ್ಪ ಆ ವಾಚನ್ನು ಒಂದು ದಿನವೂ ಕಟ್ಟಲಿಲ್ಲ. ನುಸಿಗುಳಿಗೆಯ ಜೊತೆ ಟ್ರಂಕಿಗೆ ಹಾಕಿದರು. ಆಲಮಟ್ಟಿ ಹಿನ್ನೀರು ಬಂತು, ಹಳೇ ಊರಿನ ಮನೆ ಹೋಯಿತು, ಸಂಸಾರ ನವನಗರದ ಸೆಕ್ಟರಿಗೆ ಬಂತು. ಟ್ರಂಕೂ ಬಂತು. ಸಾಮಾನು ಇಳಿಸುವಾಗ ಮಾಮಾ ಅದನ್ನು ನೋಡಿಬಿಟ್ಟರು. ಗಾಜಿಗೆ ಗೀರಿಲ್ಲ, ಡಯಲ್ಲಿಗೆ ಕಲೆ ಇಲ್ಲ, ಡಬ್ಬಿ ಸಮೇತ! ಮುನಿಸಿಕೊಂಡವರ ವಾಚು ಇಷ್ಟು ಚೆನ್ನಾಗಿ ಉಳಿಯುತ್ತದೆ ಎಂದು ಯಾರಿಗೆ ಗೊತ್ತಿತ್ತು. ಮಾಮಾ ಕೇಳಿದರು, ರೊಕ್ಕ ಕೊಡುತ್ತೇನೆ ಎಂದರು. ದೊಡ್ಡಪ್ಪ ಟ್ರಂಕಿನ ಚಿಲಕ ಹಾಕಿದರು.

ನಾನಾದರೆ ಮನೆ ಮಗ, ಕೇಳಿದರೆ ಇಲ್ಲ ಎನ್ನಲಿಕ್ಕಿಲ್ಲ ಎಂದುಕೊಂಡು ಹೋಗಿ ಕೂತೆ. ದೊಡ್ಡಪ್ಪ ಅಡಿಕೆ ಕತ್ತರಿಸುತ್ತ ಎಲ್ಲ ಕೇಳಿಸಿಕೊಂಡರು.

"ಕಾಂಚನ್ ತಂದು ಕೊಡು. ಜನತಾ ಒಯ್ಯಿ."

ಒಳಗಿನಿಂದ ದೊಡ್ಡವ್ವನ ದನಿ ಬಂತು. "ಇನ್ನೂ ಮುಗೀಲಿಲ್ಲೇನ್ರಿ ನಿಮ್ಮ ಮದಿವಿ?"

ಸರಿ, ಕಾಂಚನ್ ಹುಡುಕಲು ಕೂತೆ. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿಯ ವಾಚ್ ಕಂಪನಿ ಮುಚ್ಚಲು ತೀರ್ಮಾನಿಸಿತಲ್ಲ, ಬದುಕಿದ್ದಾಗ ತಿರುಗಿ ನೋಡದವರೆಲ್ಲ ಈಗ ಅಭಿಮಾನಿಗಳು. ಹಳೆಯ ವಾಚಿನ ರೇಟು ಕೇಳಿದರೆ ಚಹಾ ಗಂಟಲಿಗೆ ಸಿಕ್ಕುತ್ತದೆ. ಅಗ್ಗದ್ದು ಕಂಡರೆ ಅದು ಮುಂಬೈ ಸ್ಪೆಷಲ್. ಅಂದರೆ ಮೂರು ಸತ್ತ ವಾಚುಗಳ ಅಂಗಾಂಗ ಕೂಡಿಸಿ, ಡಯಲ್ಲಿಗೆ ಹೊಸದಾಗಿ ಗಿಳಿಹಸಿರೋ ನವಿಲು ನೀಲಿಯೋ ಬಳಿದು ಮಾರುವುದು. ಅಂತೂ ನೋಡಲು ನೆಟ್ಟಗಿದ್ದ ಒಂದು ಕಾಂಚನ್ ಕಣ್ಣಿಗೆ ಬಿತ್ತು. ನಮ್ಮ ಎರಡು ಸಾವಿರಕ್ಕಿಂತ ಎಷ್ಟೋ ಜಾಸ್ತಿ. ಅಸಲಿಯೋ ನಕಲಿಯೋ ಎಂದು ಹೇಳಬಲ್ಲವರು ನನಗೆ ಗೊತ್ತಿರುವ ಮಟ್ಟಿಗೆ ಇಡೀ ಜಿಲ್ಲೆಯಲ್ಲಿ ಒಬ್ಬರೇ. ಬೇರೆ ದಾರಿ ಇಲ್ಲದೆ, ಗೆಳೆಯನೊಬ್ಬ ಕೇಳಿದ್ದಾನೆ ಎಂದು ಸುಳ್ಳು ಹೇಳಿ ಮಾಮಾಗೆ ಫೋಟೋ ಕಳಿಸಿದೆ.

ತಕ್ಷಣ ಉತ್ತರ ಬಂತು. "ಡಯಲ್ ರೀಪೇಂಟ್. ತಗೋಬ್ಯಾಡ ಅನ್ನು." ಸ್ವಲ್ಪ ಹೊತ್ತಿಗೆ ಇನ್ನೊಂದು. "ಅಸಲಿ ಕಾಂಚನ್ ಸಿಕ್ಕರ ಮೊದಲು ನನಗ ಹೇಳು. ನಾನೂ ಹುಡಕಾಕತ್ತೇನಿ. ನಿಮ್ಮ ದೊಡ್ಡಪ್ಪಗ ಕೊಡಬೇಕಾಗೇತಿ."

ನಾನು ಏನು ಬರೆಯಲಿ ಎಂದು ಯೋಚಿಸುತ್ತಿರುವಾಗಲೇ ಮೂರನೆಯದು ಬಂತು. "ನಿನ್ನ ಕಡೆ ಎಷ್ಟು ಅದಾವು? ಅರ್ಧಾ ಅರ್ಧಾ ಹಾಕೂಣೇನು?"